ಠೇವಣಿಯ ಹೆಸರಿನಲ್ಲಿ ವಿಮೆ

ನಿವೃತ್ತಿಯ ಹಣವನ್ನು ನಿಶ್ಚಿತ ಠೇವಣಿಯಲ್ಲಿಡಲು ಬ್ಯಾಂಕಿಗೆ ಹೋದ ಹಿರಿಯರು ವಿಮಾ ಪಾಲಿಸಿ ಹಿಡಿದು ಮರಳುವುದು ಇಂದು ಅಪರೂಪವಲ್ಲ. ‘ಎಫ್‌ಡಿಗಿಂತ ಹೆಚ್ಚು ಬಡ್ಡಿ’ ಎಂಬುದು ಬಾಯಿಮಾತು. ಕಾಗದದಲ್ಲಿರುವುದು ‘ಪ್ರೀಮಿಯಂ’, ಅದೂ ಹಲವು ವೇಳೆ ವರ್ಷವರ್ಷವೂ ಕಟ್ಟಬೇಕಾದದ್ದು. ಯೂಲಿಪ್ ಕೋಷ್ಟಕದ ಶೇ. 8 ಕೇವಲ ಊಹೆಯ ಲೆಕ್ಕ. ಪಕ್ಕದಲ್ಲೇ ಶೇ. 4ರ ಲೆಕ್ಕವೂ ಇರುತ್ತದೆ. ಅದರ ಮೇಲೆ ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಕಂಪನಿಯ ಪರಿಶೀಲನಾ ಕರೆ ಬಂದಾಗ ಎಲ್ಲಕ್ಕೂ ‘ಹೌದು’ ಎನ್ನಿರೆಂದು ಯಾರಾದರೂ ಹೇಳಿಕೊಟ್ಟರೆ ಅಲ್ಲಿಯೇ ವಂಚನೆಯ ಸುಳಿವಿದೆ. ಬ್ಯಾಂಕ್ ಇಲ್ಲಿ ಕಮಿಷನ್ ಪಡೆಯುವ ಮಾರಾಟಗಾರ ಮಾತ್ರ. ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಈ ಹಣಕ್ಕಿಲ್ಲ. ಆದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಲಿಖಿತವಾಗಿ ಹಿಂದಿರುಗಿಸುವ ಹಕ್ಕಿದೆ. ನಿಗದಿತ ಕಡಿತಗಳನ್ನು ಕಳೆದು ಹಣ ಮರಳುತ್ತದೆ. ದೂರದ ಊರಿನಲ್ಲಿರುವ ಮಕ್ಕಳು ತಂದೆತಾಯಿಯರ ಕಪಾಟಿನಲ್ಲಿರುವ ಆ ಲಕೋಟೆಯನ್ನು ಈ ವಾರವೇ ತೆರೆಸಿ ಓದಿಸಲಿ.