ನಮ್ಮ ಹೊಸ್ತಿಲಲ್ಲೇ ಕನ್ನಡಕ್ಕೆ ತಡೆಯೇ?

ಗೆಳೆಯರೇ, ಮೇಲ್ ಸರ್ವರ್ ಒಂದು ಅಂಚೆಮನೆ. ಯಾವ ಡೊಮೇನಿಗೆ ಬಂದ ಕಾಗದ ತೆಗೆದುಕೊಳ್ಳಬೇಕೆಂಬ ಪಟ್ಟಿ ಅದಕ್ಕೆ ಬೇಕೇ ಬೇಕು. ಬಾಗಿಲು ಹಾರುಹೊಡೆದಿಟ್ಟರೆ ಪುಂಡರು ನಿಮ್ಮ ಸರ್ವರಿನಿಂದಲೇ ಊರಿಗೆಲ್ಲ ಕಸ ಹಂಚುತ್ತಾರೆ! ಆದರೆ ಅದೇ ಪಟ್ಟಿ ಕನ್ನಡಕ್ಕೆ ಅಡ್ಡಗೋಡೆಯಾಗಬಾರದು.

ಕನ್ನಡ ಲಿಪಿಯ ಮೇಲ್ ವಿಳಾಸಕ್ಕೆ ದಾರಿ ಮಾಡಿದ ನಿಯಮ ಬಂದದ್ದು 2012ರಲ್ಲಿ. ಪೋಸ್ಟ್‌ಫಿಕ್ಸ್ ಅದನ್ನು ಒಪ್ಪಿದ್ದು 2015ರ 3.0 ಆವೃತ್ತಿಯಲ್ಲಿ. ಆದರೆ '.ಭಾರತ' ಡೊಮೇನಿಗೆ ಎರಡು ರೂಪ: ಒಂದು ಕನ್ನಡ ಲಿಪಿಯದು, ಇನ್ನೊಂದು 'ಎಕ್ಸ್‌ಎನ್' ಎಂದು ಶುರುವಾಗುವ ಇಂಗ್ಲಿಷ್ ಅಕ್ಷರದ್ದು. ಎರಡೂ ಒಂದೇ ಎಂದು ಪೋಸ್ಟ್‌ಫಿಕ್ಸ್ ತಾನಾಗಿ ತಿಳಿಯದು. ಪಟ್ಟಿಯಲ್ಲೂ, 'ದೂರು' ಎಂಬ ಹೆಸರಿಗೆ ಬಂದದ್ದನ್ನು ಹೊಣೆಗಾರರ ಪೆಟ್ಟಿಗೆಗೆ ತಲುಪಿಸುವ ಅಲಿಯಾಸ್ ಕೋಷ್ಟಕದಲ್ಲೂ ಎರಡನ್ನೂ ಬರೆಯಬೇಕು. ಇಲ್ಲವಾದರೆ ಕನ್ನಡಿಗರ ದೂರು ಹೊಸ್ತಿಲಿಂದಲೇ ವಾಪಸ್!

ಸರ್ವರ್ ನಡೆಸುವ ಕನ್ನಡದ ಹುಡುಗರೇ, ಹುಡುಗಿಯರೇ, ಆ ಸಾಲು ಇಂದೇ ಸೇರಿಸಿ.