‘ನಿರ್ಭೀಕ್’ ಅಂತೆ... ಯಾರಿಗೆ?

2014ರ ಜನವರಿಯಲ್ಲಿ ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿ ‘ನಿರ್ಭೀಕ್’ ಅನ್ನೋ ಪುಟ್ಟ ರಿವಾಲ್ವರ್ ಬಿಟ್ಟಿತಲ್ಲ, ಹೆಂಗಸರಿಗಾಗಿಯೇ ಅಂತ? ಟೈಟೇನಿಯಂ ಮಿಶ್ರಲೋಹ, .32 ಬೋರ್, ತೂಕ ಸುಮಾರು ಅರ್ಧ ಕೆ.ಜಿ. ಎಂಜಿನಿಯರ್ ಆಗಿ ನಾನು ಭೇಷ್ ಅಂತೀನಿ. ಆದ್ರೆ ಬೆಲೆ? ಆಗಲೇ 1.22 ಲಕ್ಷ ರೂಪಾಯಿ! ಮೇಲೆ ಲೈಸೆನ್ಸು, ಪೊಲೀಸ್ ವಿಚಾರಣೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ಪೀಣ್ಯದ ಬಸ್‌ಸ್ಟಾಪಲ್ಲಿ ನಿಲ್ಲೋ ಹುಡುಗಿ ಎಲ್ಲಿಂದ ತರಬೇಕು ಸ್ವಾಮಿ?

2012ರ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ‘ನಿರ್ಭಯಾ’ ಹುಡುಕ್ತಿದ್ದಿದ್ದು ಮನೆಗೆ ಹೋಗೋಕೊಂದು ಬಸ್ಸು. ಅದನ್ನ ಕೊಡಬೇಕಾದ ಸರ್ಕಾರ ತನ್ನದೇ ಕಾರ್ಖಾನೆಯಲ್ಲಿ ರಿವಾಲ್ವರ್ ಮಾಡಿ, ಅವಳ ನೆನಪಿನ ಹೆಸರಿಟ್ಟು ಮಾರಿತು. ‘ನಿಮ್ಮ ಜೀವ ನೀವೇ ನೋಡ್ಕೊಳ್ಳಿ’ ಅಂದ ಹಾಗಾಯ್ತು. ಇದಕ್ಕೆ ಚಪ್ಪಾಳೆ ಹೊಡೆಯೋಕೆ ನನ್ನ ಕೈಯಂತೂ ಏಳಲ್ಲ. ನಿಮ್ಮದು?