ನೂತನ ಮೃಗಯೆ

ಬಂದೂಕನ್ನು ಕೆಳಗಿರಿಸಿ ಕ್ಯಾಮರಾವನ್ನು ಕೈಗೆತ್ತಿಕೊಂಡ ಮಾತ್ರದಿಂದ ಮನುಷ್ಯನು ಅಹಿಂಸಾವ್ರತಿಯಾಗುವನೆಂಬ ನಂಬಿಕೆಯು ಸುಶಿಕ್ಷಿತರಲ್ಲಿ ಬೇರೂರಿದೆ. ಆಫ್ರಿಕಾಖಂಡಕ್ಕೆ ಹೋಗಿ ಸಿಂಹ, ಚೀತಾಗಳ ಚಿತ್ರಗಳನ್ನು ತಂದವನನ್ನು ಊರು ಕೊಂಡಾಡುತ್ತದೆ. ಅಷ್ಟು ಹಣವಿಲ್ಲದವನು ಕಬಿನಿಯ ಕರಿಚಿರತೆಯನ್ನೋ ಬಯಲುಸೀಮೆಯ ತೋಳವನ್ನೋ ಅರಸುತ್ತ ಹೊರಡುತ್ತಾನೆ. ಪ್ರಾಣಿಯ ಪ್ರಾಣವಂತೂ ಹೋಗಲಿಲ್ಲ, ಇನ್ನು ಇದರಲ್ಲಿ ದೋಷವೇನೆಂಬುದು ಇಂಥವರ ಪ್ರಶ್ನೆ.

ಮನುವು ಕಾಮಜವಾದ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಗೆ ಮೊದಲ ಸ್ಥಾನವನ್ನು ಕೊಟ್ಟಿದ್ದಾನೆ. ವ್ಯಸನದ ಬೇರು ಕೊಲ್ಲುವದರಲ್ಲಿಲ್ಲ. ಎಂದಿಗೂ ತೃಪ್ತಿ ಕಾಣದ ಬೆನ್ನಟ್ಟುವಿಕೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಅದರ ವ್ಯಾಖ್ಯೆಯಂತೆ ಪ್ರಾಣಿಯನ್ನು ಕೊಲ್ಲುವದಷ್ಟೇ ಬೇಟೆಯಲ್ಲ. ಅದನ್ನು ಅಟ್ಟುವದೂ, ಆಮಿಷವೊಡ್ಡಿ ಸೆಳೆಯುವದೂ, ಹಕ್ಕಿಯ ಗೂಡು ಮೊಟ್ಟೆಗಳಿಗೆ ತೊಂದರೆ ಕೊಡುವದೂ ಬೇಟೆಯೇ. ಹೀಗಿರಲು, ಚಿತ್ರಕ್ಕೆ ಅಡ್ಡವಾಗುವ ಎಲೆಗಳನ್ನು ಕತ್ತರಿಸಿ ಗೂಡನ್ನು ಬಿಸಿಲಿಗೂ ಕಾಗೆಗೂ ಒಡ್ಡುವವನನ್ನು ಯಾವ ಹೆಸರಿನಿಂದ ಕರೆಯಬೇಕು? ಆದಿಕಾವ್ಯದ ನಿಷಾದನು ಕ್ರೌಂಚಗಳ ಪ್ರಣಯಕಾಲವನ್ನೇ ನೋಡಿ ಬಾಣ ಬಿಟ್ಟನು. ಇಂದಿನ ಛಾಯಾಗ್ರಾಹಕನೂ ಅದೇ ಕಾಲವನ್ನು ಕಾಯುತ್ತಾನೆ. ಏಕೆಂದರೆ ಮರಿಗಳಿರುವ ತಾಯಿಯು ಗೂಡನ್ನು ಬಿಟ್ಟು ದೂರ ಹೋಗಲಾರಳು.

ಪ್ರಾಣ ಹೋಗಲಿಲ್ಲವೆಂಬ ಮಾತಾದರೂ ಪೂರ್ಣಸತ್ಯವೇ? ಕೀನ್ಯಾ ದೇಶದ ಮಾಸಾಯಿ ಮಾರಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕವನ್ನು ವಾಚಕರು ಗಮನಿಸಬೇಕು. ಪ್ರವಾಸಿಗಳು ವಿರಳವಾಗಿದ್ದ ಭಾಗಗಳಲ್ಲಿ ಚೀತಾ ತಾಯಿಯು ಒಂದು ಸೂಲಿಗೆ ಸರಾಸರಿ 2.32 ಮರಿಗಳನ್ನು ಸ್ವತಂತ್ರವಾಗಿ ಬದುಕುವಷ್ಟು ಬೆಳೆಸಿದ್ದಿತು. ಪ್ರವಾಸಿಗಳು ದಟ್ಟವಾಗಿದ್ದಲ್ಲಿ ಆ ಸರಾಸರಿ ಕೇವಲ 0.21. ಸುತ್ತಲೂ ವಾಹನಗಳು ಮುತ್ತಿದಾಗ ಬೇಟೆ ತಪ್ಪಿ ಹೋಗುವ ತಾಯಿಯು ಮರಿಗಳಿಗೆ ಏನನ್ನು ಉಣಿಸಬೇಕು? ಗುಂಡಿನ ಸದ್ದು ಕೇಳಿಸಲಿಲ್ಲ, ರಕ್ತವೂ ಕಾಣಿಸಲಿಲ್ಲ. ಮರಿಗಳು ಮಾತ್ರ ಉಳಿಯಲಿಲ್ಲ.

ಚಿತ್ರಗಳಿಂದ ಜನರಲ್ಲಿ ಪ್ರೀತಿ ಹುಟ್ಟುವದು, ಪ್ರೀತಿಯಿಂದ ರಕ್ಷಣೆಯಾಗುವದು ಎಂದು ಪ್ರತಿಪಕ್ಷದವರು ವಾದಿಸುತ್ತಾರೆ. ಕೊರಿಯಾ ಸಂಸ್ಥಾನದ ಅರಸನು 1947ರಲ್ಲಿ ಒಂದೇ ರಾತ್ರಿ ಮೂರು ಚೀತಾಗಳನ್ನು ಕೊಂದನು. ಆ ಕಳೇಬರಗಳ ಛಾಯಾಚಿತ್ರವು ಇಂದಿಗೂ ಉಳಿದಿದೆ. ಆದರೆ 1952ರಲ್ಲಿ ಭಾರತದಿಂದ ಚೀತಾ ನಿರ್ನಾಮವಾಯಿತೆಂದು ಸಾರಬೇಕಾಯಿತು. 2022ರಲ್ಲಿ ನಮೀಬಿಯಾದಿಂದ ಎಂಟನ್ನು ಕೂನೋ ಅರಣ್ಯಕ್ಕೆ ತರುವವರೆಗೆ ನಮ್ಮಲ್ಲಿದ್ದದ್ದು ಚಿತ್ರವಷ್ಟೆ. ಚಿತ್ರವಿದ್ದ ಮಾತ್ರಕ್ಕೆ ರಕ್ಷಣೆಯಾಗದು.

ಹಾಗೆಂದು ಯಂತ್ರವನ್ನೇ ನಿಂದಿಸುವದು ಅವಿವೇಕವು. 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯ ಕಾಡುದಾರಿಗಳಲ್ಲಿ ಕ್ಯಾಮರಾಗಳನ್ನು ಕಟ್ಟಿ, ಹಾದುಹೋದ ಹುಲಿಗಳನ್ನು ಮೈಪಟ್ಟೆಗಳಿಂದ ಒಂದೊಂದಾಗಿ ಗುರುತಿಸಿ ಎಣಿಸುವ ಕ್ರಮವನ್ನು ರೂಢಿಗೆ ತಂದರು. ಅಲ್ಲಿ ಕ್ಯಾಮರಾ ಇತ್ತು, ಮನುಷ್ಯನಿರಲಿಲ್ಲ. ಜ್ಞಾನವಿತ್ತು, ಕೀರ್ತಿಯ ಹಸಿವಿರಲಿಲ್ಲ. ಹುಲಿಯು ತನ್ನ ದಾರಿಯನ್ನು ತಾನು ನಡೆಯಿತು. ದೋಷವು ಯಂತ್ರದಲ್ಲಿಲ್ಲ, ಹಿಡಿದ ಕೈಯಲ್ಲಿದೆ.

ಈ ವಿಚಾರವು ದೂರದೇಶದ್ದೆಂದು ಸವದತ್ತಿ ಸೀಮೆಯವರು ಸುಮ್ಮನಿರಲಾಗದು. ಕಪ್ಪುನೆಲದ ಹುಲ್ಲುಗಾವಲಿನಲ್ಲಿ ಬದುಕುವ ಎರೆಭೂತವು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ. ಬೇಟೆ, ಉಳುಮೆ, ವಿದ್ಯುತ್ತಂತಿಗಳಿಂದ ಅದರ ಸಂತತಿಯು ಕ್ಷೀಣಿಸಿ, ಕರ್ನಾಟಕದಲ್ಲಿ ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿವೆ. ಇಷ್ಟು ಸೊರಗಿದ ಕುಲಕ್ಕೆ ಒಬ್ಬ ಛಾಯಾಗ್ರಾಹಕನ ಅತ್ಯುತ್ಸಾಹವೂ ಅಪಾಯವೇ.

ಹೂಲಿಯ ಪಂಚಲಿಂಗೇಶ್ವರ ದೇವಾಲಯದ ಚಿತ್ರವನ್ನು ಸಾವಿರ ಜನರು ತೆಗೆದರೂ ಕಲ್ಲು ಕದಲುವದಿಲ್ಲ. ಅದೇ ಊರಿನ ಗುಡ್ಡದ ಬಂಡೆಯ ಸಂದಿನಲ್ಲಿ ಗೂಗೆಯೊಂದು ಮೊಟ್ಟೆಯಿಟ್ಟರೆ, ಹತ್ತು ಜನರ ಭೆಟ್ಟಿಯೂ ಅದಕ್ಕೆ ಹೊರೆಯಾಗುವದು. ಆ ಗುಟ್ಟು ಮೊದಲು ತಿಳಿಯುವದು ಕುರಿ ಕಾಯುವವನಿಗೆ; ಅದನ್ನು ಹಣ ಕೊಟ್ಟು ಕೊಳ್ಳುವವನು ಪಟ್ಟಣದ ಸುಶಿಕ್ಷಿತನು. ಇವರಿಬ್ಬರಲ್ಲಿ ಹೆಚ್ಚಿನ ಅಪರಾಧಿಯು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರವನ್ನು ಮೆಚ್ಚುವ ಕಣ್ಣುಗಳೇ ಚಿತ್ರ ತೆಗೆಯುವವನಿಗೆ ಬಲವು. ಆದುದರಿಂದ ಮನೆಗೆ ಬಂದ ಚಿತ್ರವನ್ನು ಹೊಗಳುವ ಮೊದಲು ಹಿರಿಯರು ಮೂರು ಪ್ರಶ್ನೆಗಳನ್ನು ಕೇಳಲಿ: ಎಷ್ಟು ದೂರದಿಂದ ತೆಗೆದದ್ದು? ಆಮಿಷವನ್ನೊಡ್ಡಿದ್ದುಂಟೋ? ಪ್ರಾಣಿಯು ತನ್ನ ಕೆಲಸವನ್ನು ಬಿಟ್ಟು ಎದ್ದು ಹೋಯಿತೋ? ಉತ್ತರವು ಸಮರ್ಪಕವಾಗಿರದಿದ್ದರೆ ಆ ಚಿತ್ರವನ್ನು ಗೋಡೆಗೆ ತೂಗುಹಾಕುವದು ಬೇಡ. ಹಿಂದಿನ ಅರಮನೆಗಳ ಗೋಡೆಗಳಲ್ಲಿ ಹುಲಿಯ ತಲೆಗಳು ತೂಗುತ್ತಿದ್ದವು. ಅಂಥ ಚಿತ್ರಕ್ಕೂ ಆ ತಲೆಗಳಿಗೂ ಬಹಳ ಅಂತರವಿಲ್ಲ.